ಫೋನ್ ಬದಲಿಸುವವರು ಕೇಳಿ: ಆಂಡ್ರಾಯ್ಡ್–ಐಫೋನ್ ಪ್ರಶ್ನೋತ್ತರ

ಅಡ್ಮಿನ್: ಎಲ್ಲರಿಗೂ ನಮಸ್ಕಾರ. ಇವತ್ತು ಉತ್ತರ ಕೊಡುವವರು ರಘು. ಶಿವಮೊಗ್ಗದಲ್ಲಿ ಮೊಬೈಲ್ ಮಾರಾಟ, ರಿಪೇರಿ ಎರಡೂ ಮಾಡುತ್ತಾರೆ. ಆಂಡ್ರಾಯ್ಡ್, ಐಫೋನ್ ಪೈಪೋಟಿಯಿಂದ ಗಿರಾಕಿಗೆ ಎಷ್ಟು ಲಾಭ, ಎಲ್ಲಿ ಸಿಕ್ಕಿಬೀಳುತ್ತೇವೆ ಅನ್ನುವುದು ವಿಷಯ. ಒಬ್ಬರಿಗೆ ಒಂದು ಪ್ರಶ್ನೆ. ಮೇಲೆ ಉತ್ತರ ಬಂದಿದೆಯಾ ನೋಡಿಕೊಂಡು ಕೇಳಿ.

ಗಿರೀಶ್: ಸರ್, 25 ಸಾವಿರದಲ್ಲಿ ಹೊಸ ಆಂಡ್ರಾಯ್ಡ್ ತಗೊಳ್ಳಲಾ, ಸೆಕೆಂಡ್ ಹ್ಯಾಂಡ್ ಐಫೋನ್ ತಗೊಳ್ಳಲಾ?

ರಘು: ಯಾವುದಾದರೂ ಸರಿ, ಸೆಕ್ಯುರಿಟಿ ಅಪ್‌ಡೇಟ್ ಇನ್ನೂ ಎಷ್ಟು ವರ್ಷ ಬರುತ್ತದೆ ನೋಡಿ. 2023ರಲ್ಲಿ ಗೂಗಲ್ ಪಿಕ್ಸೆಲ್ 8ಕ್ಕೆ 7 ವರ್ಷ ಅಂದಿತು, 2024ರಲ್ಲಿ ಸ್ಯಾಮ್‌ಸಂಗ್ ಎಸ್24ಕ್ಕೆ ಅಷ್ಟೇ ಕೊಟ್ಟಿತು. ಪೈಪೋಟಿಯಿಂದ ನಮಗೆ ಸಿಕ್ಕ ಒಳ್ಳೆಯ ಫಲ ಅದು. ಆದರೆ ಅದೇ ಕಂಪನಿಯ ಅಗ್ಗದ ಫೋನಿಗೂ 7 ವರ್ಷ ಇರುತ್ತದೆ ಅಂದುಕೊಳ್ಳಬೇಡಿ. ಮಾಡೆಲ್ ಹೆಸರು ಹಾಕಿ ಕಂಪನಿ ವೆಬ್‌ಸೈಟ್‌ನಲ್ಲೇ ನೋಡಿ.

ಸವಿತಾ: ಅಣ್ಣಾ, ಮನೆಯಲ್ಲೇ ಸೀರೆ ವ್ಯಾಪಾರ ಮಾಡುತ್ತೇನೆ. ಆರ್ಡರ್, ಬ್ಲೌಸ್ ಅಳತೆ, ಯಾರು ಎಷ್ಟು ಬಾಕಿ, ಎಲ್ಲ ವಾಟ್ಸಾಪ್‌ನಲ್ಲೇ ಇದೆ. ನಿನ್ನೆ ತಮ್ಮ ಐಫೋನ್ ಕೊಡಿಸಿದ. ಅದರಲ್ಲಿ ವಾಟ್ಸಾಪ್ ಹಾಕಿ ಒಟಿಪಿ ಕೊಟ್ಟೆ. ಹಳೆಯ ಮೆಸೇಜ್ ಒಂದೂ ಇಲ್ಲ. ಗೂಗಲ್ ಡ್ರೈವ್‌ನಲ್ಲಿ ಬ್ಯಾಕಪ್ ಇದೆ ಅಂತ ಧೈರ್ಯವಾಗಿದ್ದೆ. ಹಳೇ ಫೋನ್ ಎಕ್ಸ್‌ಚೇಂಜ್‌ಗೆ ನಾಳೆ ಬೆಳಿಗ್ಗೆ ಹುಡುಗ ಬರುತ್ತಾನೆ. ರೀಸೆಟ್ ಮಾಡಿಡಿ ಅಂದಿದ್ದಾರೆ. ಮಾಡಲಾ?

ಟೆಕ್ ಕಿರಣ್: ಅಕ್ಕ, ಟೆನ್ಶನ್ ಬೇಡ. ಒಂದು ಎಪಿಕೆ (ಪ್ಲೇ ಸ್ಟೋರ್ ಇಲ್ಲದೆ ನೇರವಾಗಿ ಹಾಕೋ ಆ್ಯಪ್ ಫೈಲ್) ಇದೆ, ಹಳೇ ಫೋನಿಗೆ ಹಾಕಿದರೆ 5 ನಿಮಿಷದಲ್ಲಿ ಎಲ್ಲ ಐಫೋನಿಗೆ ಹೋಗುತ್ತೆ. ಫಾರ್ವರ್ಡ್ ಮಾಡ್ತೀನಿ.

ರಘು: ಸವಿತಾ ಅವರೇ, ರೀಸೆಟ್ ಮಾಡಲೇಬೇಡಿ. ಕಿರಣ್ ಕಳಿಸುವುದನ್ನೂ ಹಾಕಬೇಡಿ. ಹಳೇ ಫೋನಿನಿಂದ ವಾಟ್ಸಾಪ್ ಡಿಲೀಟ್ ಮಾಡಬೇಡಿ. ಈಗ ನಿಧಾನವಾಗಿ ಓದಿ.

ಆಂಡ್ರಾಯ್ಡ್ ವಾಟ್ಸಾಪ್ ಬ್ಯಾಕಪ್ ಇರುವುದು ಗೂಗಲ್ ಡ್ರೈವ್‌ನಲ್ಲಿ. ಐಫೋನಿನ ವಾಟ್ಸಾಪ್ ಆಪಲ್‌ನ ಐಕ್ಲೌಡ್‌ನಿಂದ ಮಾತ್ರ ಬ್ಯಾಕಪ್ ತೆಗೆದುಕೊಳ್ಳುತ್ತದೆ. ಡ್ರೈವ್‌ನಲ್ಲಿ ಭದ್ರವಾಗಿದ್ದರೂ ಐಫೋನಿಗೆ ಅದು ಇಲ್ಲದಂತೆಯೇ. ನಿಮ್ಮ ಲೆಕ್ಕವೆಲ್ಲ ಈಗ ಹಳೇ ಫೋನಿನೊಳಗೆ ಕೂತಿದೆ. ಹೊಸದರಲ್ಲಿ ಲಾಗಿನ್ ಆದಿರಿ ಅಂತ ಹಳೆಯದು ಲಾಗೌಟ್ ಆಗಿರುತ್ತದೆ ಅಷ್ಟೇ, ಮೆಸೇಜ್ ಅಳಿಸಿರುವುದಿಲ್ಲ.

ಮೊದಲು ಎಕ್ಸ್‌ಚೇಂಜ್ ಮುಂದಕ್ಕೆ ಹಾಕಿ. ಒಪ್ಪದಿದ್ದರೆ ಆ ದುಡ್ಡು ಹೋದರೂ ಚಿಂತೆಯಿಲ್ಲ, ಬಾಕಿ ಲೆಕ್ಕ ಹೋದರೆ ಯಾರೂ ತಂದುಕೊಡುವುದಿಲ್ಲ. ನಿನ್ನೆಯಿಂದ ಐಫೋನಿಗೆ ಬಂದ ಆರ್ಡರ್‌ಗಳನ್ನು ಒಂದು ಪುಸ್ತಕದಲ್ಲಿ ಬರೆದಿಟ್ಟುಕೊಳ್ಳಿ, ಅವು ಅಳಿಸಿಹೋಗುತ್ತವೆ. ಆಮೇಲೆ ಹಳೇ ಫೋನಿನಲ್ಲಿ ಅದೇ ನಂಬರಿನಿಂದ ಮತ್ತೆ ಲಾಗಿನ್ ಆಗಿ, ಚಾಟ್ ಎಲ್ಲ ಇದೆಯಾ ಕಣ್ಣಾರೆ ನೋಡಿ. ಇದ್ದರೆ ಐಫೋನನ್ನು ರೀಸೆಟ್ ಮಾಡಿ. ಹೌದು, ರೀಸೆಟ್ ಮಾಡಬೇಕಾದ್ದು ಐಫೋನನ್ನು. ಅದಕ್ಕೆ ಮೊದಲು ಆಪಲ್ ಖಾತೆಯ ಪಾಸ್‌ವರ್ಡ್ ತಮ್ಮನ ಹತ್ತಿರ ಕೇಳಿಟ್ಟುಕೊಳ್ಳಿ, ಇಲ್ಲದಿದ್ದರೆ ಅದು ತೆರೆಯುವುದೇ ಇಲ್ಲ.

ಹಳೇ ಫೋನಿಗೆ ಪ್ಲೇ ಸ್ಟೋರ್‌ನಿಂದ ಆಪಲ್‌ನವರದೇ 'ಮೂವ್ ಟು ಐಒಎಸ್' ಹಾಕಿ. ಎರಡೂ ಫೋನ್ ಚಾರ್ಜಿಗೆ ಹಾಕಿ, ಒಂದೇ ವೈಫೈನಲ್ಲಿಡಿ. ಐಫೋನ್ ಶುರುವಾಗುವಾಗ ಆಂಡ್ರಾಯ್ಡ್‌ನಿಂದ ತರುವುದಾ ಅಂತ ಕೇಳುತ್ತದೆ. ಹೌದು ಅನ್ನಿ, ಅಲ್ಲಿ ಬರುವ ಕೋಡನ್ನು ಹಳೆಯದರಲ್ಲಿ ಹಾಕಿ, ಪಟ್ಟಿಯಲ್ಲಿ ವಾಟ್ಸಾಪ್ ಆರಿಸಿ. ಮುಗಿದ ಮೇಲೆ ಐಫೋನಿನಲ್ಲಿ ವಾಟ್ಸಾಪ್ ಹಾಕಿ ಅದೇ ನಂಬರ್ ಕೊಡಿ. ಕಾಲ್ ಹಿಸ್ಟರಿ ಬರುವುದಿಲ್ಲ, ಚಾಟ್ ಮತ್ತು ಫೋಟೋ ಬರುತ್ತವೆ. ಎಲ್ಲ ಬಂತು ಅಂತ ಖಾತ್ರಿಯಾಗುವವರೆಗೂ ಹಳೇ ಫೋನ್ ಯಾರ ಕೈಗೂ ಕೊಡಬೇಡಿ.

ಈ ದಾರಿ ಬಂದದ್ದೇ 2022ರಲ್ಲಿ. ಅದಕ್ಕೆ ಮೊದಲು ಅಂಗಡಿಗೆ ಬಂದವರಿಗೆ ಆಗಲ್ಲ ಅಂತ ಹೇಳಿ ಕಳಿಸುತ್ತಿದ್ದೆ, ಎಷ್ಟು ಜನ ಅತ್ತಿದ್ದಾರೆ. ಕೊಳ್ಳುವ ದಿನ ಎರಡು ಕಂಪನಿಗಳೂ ನಮ್ಮ ಹಿಂದೆ ಬೀಳುತ್ತವೆ. ಒಂದಕ್ಕೆ ಒಗ್ಗಿಕೊಂಡ ಮೇಲೆ ನಮ್ಮನ್ನು ಹಿಡಿದಿಡುವುದು ಫೋನ್ ಅಲ್ಲ, ಅದರೊಳಗಿನ ನಮ್ಮದೇ ಲೆಕ್ಕ, ಫೋಟೋ, ದುಡ್ಡು ಕೊಟ್ಟು ಕೊಂಡ ಆ್ಯಪ್. ಬಾಡಿಗೆ ಮನೆ ಬಿಡುವಾಗ ನಮ್ಮ ಪಾತ್ರೆಯನ್ನೇ ಒಯ್ಯಲು ಬಿಡದಿದ್ದರೆ ಹೇಗಿರುತ್ತದೆ ಹೇಳಿ.

ಟೆಕ್ ಕಿರಣ್: ನಾನು ಒಳ್ಳೇದಕ್ಕೇ ಹೇಳಿದ್ದು. ಸಾವಿರಾರು ಜನ ಬಳಸ್ತಿದ್ದಾರೆ.

ರಘು: ಒಳ್ಳೆಯದಕ್ಕೆ ಅಂತ ಕಳಿಸಿದ ಎಪಿಕೆ ಹಾಕಿ ಖಾತೆ ಖಾಲಿಯಾದವರು ನನ್ನ ಅಂಗಡಿಗೆ ಬರುತ್ತಾರೆ. ಮದುವೆ ಕರೆಯೋಲೆ ಎಪಿಕೆ, ಟ್ರಾಫಿಕ್ ದಂಡದ ಎಪಿಕೆ, ಈಗ ಇದು. ಒಳಗೆ ಬಂದ ಕೂಡಲೇ ಎಸ್‌ಎಂಎಸ್ ಓದಲು, ಅಕ್ಸೆಸಿಬಿಲಿಟಿಗೆ (ಪರದೆ ನೋಡಿ ಫೋನ್ ನಡೆಸಲು) ಅನುಮತಿ ಕೇಳುತ್ತದೆ. ಕೊಟ್ಟರೆ ನಿಮ್ಮ ಒಟಿಪಿ ಅವರ ಕೈಯಲ್ಲಿ. ಯಾರಾದರೂ ಹಾಕಿಬಿಟ್ಟಿದ್ದರೆ ಈಗಲೇ ಇಂಟರ್ನೆಟ್ ಆಫ್ ಮಾಡಿ. ಬೇರೆ ಫೋನಿನಿಂದ ಬ್ಯಾಂಕಿಗೂ ಸೈಬರ್ ವಂಚನೆ ಸಹಾಯವಾಣಿ 1930ಕ್ಕೂ ಕರೆ ಮಾಡಿ.

ನಾಗರತ್ನ: ಡ್ರೈವ್ ಬ್ಯಾಕಪ್ ಐಫೋನಿಗೆ ಬರುತ್ತಾ ಸರ್?

ರಘು: ಇಲ್ಲ. ಮೇಲೆ ಓದಿ.

ಮಂಜುನಾಥ: ಎರಡೇ ಯಾಕೆ ಇರಬೇಕು? ನನ್ನ ನೋಕಿಯಾ ಲೂಮಿಯಾ, ವಿಂಡೋಸ್ ಫೋನ್, ಎಷ್ಟು ಚೆನ್ನಾಗಿತ್ತು!

ರಘು: ಚೆನ್ನಾಗಿತ್ತು, ಒಪ್ಪುತ್ತೇನೆ. 2014ರಲ್ಲಿ ಮೈಕ್ರೋಸಾಫ್ಟ್ ನೋಕಿಯಾದ ಫೋನ್ ವ್ಯಾಪಾರವನ್ನೇ ಕೊಂಡಿತು, ಆದರೂ ಉಳಿಯಲಿಲ್ಲ. ಆ್ಯಪ್ ಮಾಡುವವರು ಜನ ಇರುವಲ್ಲಿಗೆ ಹೋಗುತ್ತಾರೆ, ಜನ ಆ್ಯಪ್ ಇರುವಲ್ಲಿಗೆ. 2019ರ ಕೊನೆಗೆ ವಾಟ್ಸಾಪ್ ಕೂಡ ವಿಂಡೋಸ್ ಫೋನ್ ಕೈಬಿಟ್ಟಿತು. ನಮ್ಮಲ್ಲಿ 2014ರಲ್ಲಿ ಇಂಟೆಕ್ಸ್ 1,999 ರೂಪಾಯಿಗೆ ಫೈರ್‌ಫಾಕ್ಸ್ ಸಾಫ್ಟ್‌ವೇರ್ ಇದ್ದ ಫೋನ್ ತಂದಿತು. 2015ರಲ್ಲಿ ಸ್ಯಾಮ್‌ಸಂಗ್ 5,700ಕ್ಕೆ ಟೈಜನ್ ಸಾಫ್ಟ್‌ವೇರ್ ಇದ್ದ ಝಡ್1 ತಂದಿತು. ಅವೂ ನಿಲ್ಲಲಿಲ್ಲ. ಬೆಲೆ ಇಳಿಸಿದರೆ ಸಾಲದು, ದಿನಾ ಬೇಕಾದ ಆ್ಯಪ್ ಇರಬೇಕು.

ಪ್ರಸನ್ನ: ಸುಪ್ರೀಂ ಕೋರ್ಟಿನಲ್ಲಿ ಗೂಗಲ್ ಸೋತಿದೆ, ದಂಡದ ದುಡ್ಡು ಆಂಡ್ರಾಯ್ಡ್ ಗ್ರಾಹಕರಿಗೆ ಹಂಚುತ್ತಾರೆ, ಲಿಂಕಿನಲ್ಲಿ ಆಧಾರ್ ನಂಬರ್ ಹಾಕಬೇಕು ಅಂತ ಬಂದಿದೆ. ನಿಜವಾ?

ರಘು: ಸುಳ್ಳು. ಲಿಂಕ್ ಒತ್ತಬೇಡಿ. ನಿಜ ಇಷ್ಟು: ಭಾರತೀಯ ಸ್ಪರ್ಧಾ ಆಯೋಗ 2022ರ ಅಕ್ಟೋಬರಿನಲ್ಲಿ ಗೂಗಲ್‌ಗೆ ಆಂಡ್ರಾಯ್ಡ್ ವಿಚಾರದಲ್ಲಿ 1,337.76 ಕೋಟಿ ದಂಡ ಹಾಕಿತು. 2023ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ತಡೆ ಕೊಡಲಿಲ್ಲ. ಮಾರ್ಚಿನಲ್ಲಿ ಮೇಲ್ಮನವಿ ನ್ಯಾಯಮಂಡಳಿ ದಂಡ ಎತ್ತಿಹಿಡಿಯಿತು, ಆದರೆ ಆಯೋಗದ ಕೆಲವು ಆದೇಶ ತೆಗೆದುಹಾಕಿತು. ಮೊದಲೇ ಹಾಕಿಕೊಟ್ಟ ಆ್ಯಪ್‌ಗಳನ್ನು ಪೂರ್ತಿ ತೆಗೆಯಲು ಬಿಡಬೇಕು ಅನ್ನುವುದೂ ಅದರಲ್ಲಿ ಹೋಯಿತು. ನಮಗೆ ಬೇಕಾಗಿದ್ದು ಅದೇ ಅಲ್ವಾ? ದಂಡ ಹೋಗುವುದು ಸರ್ಕಾರಕ್ಕೆ, ನಿಮ್ಮ ಖಾತೆಗಲ್ಲ.

ಪ್ರಸನ್ನ: ನನಗೆ ಕಳಿಸಿದವರು ವಕೀಲರು.

ರಘು: ಹಾಗಾದರೆ ಆದೇಶದ ಪ್ರತಿ ಕೊಡಿ ಅಂತ ಅವರನ್ನೇ ಕೇಳಿ.

ವಿನಯ್: ಅದಕ್ಕೇ ಹೇಳೋದು, ಐಫೋನ್ ತಗೊಳ್ಳಿ. ಈ ಕಿರಿಕಿರಿನೇ ಇಲ್ಲ.

ಹುಬ್ಬಳ್ಳಿ ಅಶೋಕ: ಏನ್ರೀ ಇಲ್ಲ? ನಾನು ಮಕ್ಕಳಿಗೆ ಕನ್ನಡ ಕಲಿಸೋ ಆ್ಯಪ್ ಮಾಡೀನಿ. ನೂರು ರೂಪಾಯಿ ಚಂದಾದಾಗ ಹದಿನೈದು ಗೂಗಲ್, ಆಪಲ್ ಇಬ್ಬರೂ ತಗೋತಾರ. ವ್ಯಾಪಾರ ಬೆಳೆದರ ಆಪಲ್‌ನ್ಯಾಗ ಮೂವತ್ತರ ತನಕ ಹೋಗತೈತಿ. ಅದನ್ನ ಕೊಡೋವ್ರು ಯಾರು, ನೀವ!

ವಿನಯ್: ಸ್ಟೋರ್ ನಡೆಸೋಕೆ ಖರ್ಚಿಲ್ವಾ? ಬೇಡಾಂದ್ರೆ ಹೊರಗೆ ಮಾರಿ.

ಹುಬ್ಬಳ್ಳಿ ಅಶೋಕ: ಹೊರಗ ಹೋಗೂ ಬಾಗಿಲಾ ಎಲ್ಲಿ ಬಿಟ್ಟಾರ? 2024ರ ಮಾರ್ಚ್‌ನ್ಯಾಗ ಗೂಗಲ್‌ನವ್ರು ಶುಲ್ಕದ ಜಗಳಕ್ಕ ಭಾರತ್ ಮ್ಯಾಟ್ರಿಮೊನಿ, ನೌಕ್ರಿಯಂಥ ದೊಡ್ಡ ಆ್ಯಪ್‌ಗಳನ್ನ ಪ್ಲೇ ಸ್ಟೋರ್‌ನಿಂದ ತೆಗೆದು ಹಾಕಿದ್ರು. ಸರ್ಕಾರ ನಡುವ ಬಂದ ಮ್ಯಾಲೆ ವಾಪಸ್ ಬಂದ್ವು. ನಮ್ಮಂಥವ್ರನ್ನ ತೆಗೆದ್ರ ಯಾರು ಬರ್ತಾರ?

ವಿನಯ್: ಸರಿ ಬಿಡಿ, ಅಳ್ತಾ ಕೂತ್ಕೊಳ್ಳಿ.

ಅಡ್ಮಿನ್: ವಿನಯ್, ಭಾಷೆ ಸರಿಯಿರಲಿ.

ರಘು: ಅಶೋಕ ಅವರ ಮಾತಿನಲ್ಲಿ ಗಿರಾಕಿಗೂ ಒಂದು ವಿಷಯ ಇದೆ. ಆ್ಯಪ್ ಒಳಗೆ ಚಂದಾ ಕಟ್ಟುವ ಮೊದಲು ಅದೇ ಸೇವೆಯ ವೆಬ್‌ಸೈಟ್‌ನಲ್ಲಿ ಬೆಲೆ ನೋಡಿ. ಎಷ್ಟೋ ಸಲ ಅಲ್ಲಿ ಕಡಿಮೆ ಇರುತ್ತದೆ. ಬೆಂಗಳೂರಿನ ಫೋನ್‌ಪೇ 2024ರ ಫೆಬ್ರವರಿಯಲ್ಲಿ ಇಂಡಸ್ ಆ್ಯಪ್‌ಸ್ಟೋರ್ ತಂದಿದೆ, ಕನ್ನಡವೂ ಇದೆ. ಇಂಥವು ಬೆಳೆದರೆ ಮಾತ್ರ ಶುಲ್ಕ ಇಳಿದೀತು. ಒಬ್ಬರೇ ಬಾಗಿಲು ಕಾಯುತ್ತಿದ್ದರೆ ಯಾಕೆ ಇಳಿಸುತ್ತಾರೆ?

ಮ್ಯೂನಿಕ್‌ನಿಂದ ದೀಪಾ: ಇಲ್ಲಿ ಯುರೋಪ್ ಒಕ್ಕೂಟದ ಕಾನೂನಿನಿಂದ 2024ರ ಮಾರ್ಚಿನಿಂದ ಐಫೋನಿಗೆ ಬೇರೆ ಸ್ಟೋರ್ ಬಂದಿದೆ. ರಜೆಗೆ ಮೈಸೂರಿಗೆ ಬಂದಾಗ ಅದು ನಡೆಯುತ್ತಾ?

ರಘು: ಹಾಕಿಕೊಂಡ ಆ್ಯಪ್ ತೆರೆಯುತ್ತದೆ. ಒಕ್ಕೂಟದ ಹೊರಗೆ ಜಾಸ್ತಿ ದಿನ ಇದ್ದರೆ ಅಪ್‌ಡೇಟ್ ನಿಲ್ಲುತ್ತದೆ. ಅದೇ ಫೋನ್, ಅದೇ ಸಾಫ್ಟ್‌ವೇರ್. ಕಾನೂನು ಗಟ್ಟಿ ಇರುವ ಕಡೆ ಬಾಗಿಲು ತೆರೆದಿದ್ದಾರೆ, ನಮ್ಮ ಕಡೆ ಮುಚ್ಚಿದ್ದಾರೆ. ನನಗೆ ಸಿಟ್ಟು ಬರುವುದು ಇದಕ್ಕೇ.

ಶ್ರೀಧರ: ದೇವನಹಳ್ಳಿಯಲ್ಲೇ ಐಫೋನ್ ತಯಾರಾಗುತ್ತಂತೆ, ನಮಗೆ ಯಾಕೆ ಅಗ್ಗ ಇಲ್ಲ?

ವಿನಯ್: ಜಿಎಸ್‌ಟಿ 18 ಪರ್ಸೆಂಟ್ ಕಟ್ಟೋದು ಯಾರು, ನಿಮ್ಮಪ್ಪನಾ?

ಶ್ರೀಧರ: ನಾನು ಕೇಳಿದ್ದು ರಘು ಅವರನ್ನ. ನೀನ್ಯಾರಯ್ಯಾ?

ಅಡ್ಮಿನ್: ವಿನಯ್ ಅವರನ್ನು ಇವತ್ತಿನ ಮಟ್ಟಿಗೆ ಮ್ಯೂಟ್ ಮಾಡಿದ್ದೇನೆ. ಶ್ರೀಧರ್, ನೀವೂ ಸಾಕು ಮಾಡಿ.

ಬಸವರಾಜ: ವಾಟ್ಸಾಪ್ ಚಾಟ್ ಐಫೋನಿಗೆ ತರೋದು ಹೇಗೆ?

ರಘು: ಮೇಲೆ. ಸವಿತಾ ಅವರಿಗೆ ಬರೆದದ್ದು.

ಲಲಿತಮ್ಮ: ಮಗ ಅಮೆರಿಕದಿಂದ ಆಪಲ್ ವಾಚ್ ಕಳಿಸಿದ್ದಾನೆ, ನನ್ನ ಸ್ಯಾಮ್‌ಸಂಗ್ ಫೋನಿಗೆ ಸೇರುತ್ತಾ ಅಪ್ಪಾ?

ಟೆಕ್ ಕಿರಣ್: ಅದಕ್ಕೂ ಒಂದು ಆ್ಯಪ್ ಇದೆ ಅಮ್ಮ, ಇನ್‌ಬಾಕ್ಸ್‌ಗೆ ಬನ್ನಿ.

ರಘು: ಲಲಿತಮ್ಮ, ಸೇರುವುದಿಲ್ಲ. ಆಪಲ್ ವಾಚಿಗೆ ಐಫೋನ್ ಬೇಕೇ ಬೇಕು. ವಾಪಸ್ ಕೊಡಲು ಆಗುತ್ತದಾ ಮಗನನ್ನು ಕೇಳಿ. ಅಡ್ಮಿನ್, ಈ ಕಿರಣ್ ಇನ್ನೂ ಯಾಕೆ ಇಲ್ಲಿದ್ದಾರೆ? ವಯಸ್ಸಾದವರನ್ನು ಇನ್‌ಬಾಕ್ಸ್‌ಗೆ ಕರೆಯುತ್ತಿದ್ದಾರೆ. ಇವರು ಇದ್ದರೆ ನಾನು ಇಲ್ಲಿ ಉತ್ತರ ಕೊಡುವುದಿಲ್ಲ.

ಅಡ್ಮಿನ್: ತೆಗೆದಿದ್ದೇನೆ.

ಸವಿತಾ: ಅಣ್ಣಾ, ಎಕ್ಸ್‌ಚೇಂಜ್‌ನವರು ಭಾನುವಾರದವರೆಗೆ ಟೈಮ್ ಕೊಟ್ಟರು. ಹಳೇ ಫೋನಿನಲ್ಲಿ ಒಟಿಪಿ ಕೇಳಿದರೆ ಸ್ವಲ್ಪ ಹೊತ್ತು ಕಾಯಿರಿ ಅಂತ ಬರುತ್ತಿದೆ.

ರಘು: ಕಾಯಿರಿ. ಮತ್ತೆ ಮತ್ತೆ ಒತ್ತಬೇಡಿ, ಕಾಯುವ ಹೊತ್ತು ಇನ್ನೂ ಉದ್ದವಾಗುತ್ತದೆ. ಬಾಕಿ ಇರುವವರ ಹೆಸರು, ಮೊತ್ತ ನೆನಪಿದ್ದಷ್ಟು ಅಷ್ಟರಲ್ಲಿ ಪುಸ್ತಕಕ್ಕೆ ಬರೆದುಬಿಡಿ.