ಕೆಟ್ಟ ಸುದ್ದಿ ಬಂದ ದಿನ ಷೇರು ಮಾರಬೇಕಾ?

ಪ್ರಶ್ನೆ: ನನ್ನ ಹತ್ತಿರ ಇರುವ ಒಂದು ಐಟಿ ಕಂಪನಿಯ ಸಿಇಓ ರಾಜೀನಾಮೆ ಕೊಟ್ಟಿದ್ದಾರೆ. ಷೇರು ಒಂದೇ ದಿನಕ್ಕೆ 8% ಬಿದ್ದಿದೆ. ಮನೆಯಲ್ಲಿ ಎಲ್ಲರೂ ಮಾರಿಬಿಡು ಎನ್ನುತ್ತಿದ್ದಾರೆ. ಇಂಥ ಹೊತ್ತಿನಲ್ಲಿ ನೀವೆಲ್ಲ ಏನು ಮಾಡಿದ್ದೀರಿ?

ಉತ್ತರ 1: ಇನ್ಫೋಸಿಸ್ ಇಟ್ಟುಕೊಂಡವರಿಗೆ ಇದು ಹೊಸದಲ್ಲ ಸರ್. 2017ರ ಆಗಸ್ಟ್‌ನಲ್ಲಿ ಸಿಇಓ ವಿಶಾಲ್ ಸಿಕ್ಕಾ ರಾಜೀನಾಮೆ ಕೊಟ್ಟ ದಿನ ಸುಮಾರು 10% ಬಿತ್ತು. ವಾರದೊಳಗೆ ಸಹಸ್ಥಾಪಕ ನಂದನ್ ನಿಲೇಕಣಿ ಅಧ್ಯಕ್ಷರಾಗಿ ವಾಪಸ್ ಬಂದರು. 2019ರ ಅಕ್ಟೋಬರ್‌ನದು ಇನ್ನೂ ಜೋರು. ಲೆಕ್ಕದಲ್ಲಿ ಗೋಲ್‌ಮಾಲ್ ನಡೆದಿದೆ ಎಂದು ಹೆಸರಿಲ್ಲದ ಪತ್ರವೊಂದು ಹೊರಬಂತು, ಒಂದೇ ದಿನ 16% ಹೋಯಿತು. ನಾನು ಮಾರಲಿಲ್ಲ. ಅಗ್ಗ ಅಂತ ಹೊಸದಾಗಿ ಕೊಳ್ಳಲೂ ಇಲ್ಲ. ಕಂಪನಿಗೆ ದುಡ್ಡು ಬರುತ್ತಲೇ ಇತ್ತು, ಪತ್ರದಲ್ಲಿದ್ದದ್ದು ಬರೀ ಆರೋಪ. 2020ರ ಜನವರಿಯಲ್ಲಿ ಆಡಿಟ್ ಸಮಿತಿ ತನಿಖೆ ಮುಗಿಸಿ, ಪುರಾವೆ ಇಲ್ಲ ಎಂದಿತು.

ಉತ್ತರ 2: ಅದೇನೋ ಸರಿ, ಆದರೆ ಸತ್ಯಂ ಎಂಬ ಐಟಿ ಕಂಪನಿಯ ಕಥೆ ಮರೆತರೆ ಹೇಗೆ? 2009ರ ಜನವರಿ 7ರಂದು ಅದರ ಅಧ್ಯಕ್ಷ ರಾಮಲಿಂಗ ರಾಜು ಅವರೇ ಪತ್ರ ಬರೆದು, ಲೆಕ್ಕದ ಪುಸ್ತಕದಲ್ಲಿ ತೋರಿಸಿದ್ದ 5,000 ಕೋಟಿ ರೂಪಾಯಿಗೂ ಜಾಸ್ತಿ ನಗದು ಇಲ್ಲವೇ ಇಲ್ಲ ಎಂದು ಒಪ್ಪಿಕೊಂಡರು. 179 ರೂಪಾಯಿ ಇದ್ದ ಷೇರು ಅಂದೇ 40ರ ಹತ್ತಿರಕ್ಕೆ ಬಂತು. ಅಗ್ಗಕ್ಕೆ ಸಿಕ್ಕಿತು ಅಂತ ಆಗ ಕೊಂಡವರು ಮುಂದಿನ ವಹಿವಾಟಿನ ದಿನವೇ ಇನ್ನೂ ಕೆಳಗಿನ ಬೆಲೆ ನೋಡಿದರು. ಅಲ್ಲಿ ಆರೋಪ ಅಲ್ಲ, ತಪ್ಪೊಪ್ಪಿಗೆ. ಹಾಗಾಗಿ ನಾನು ಶೇಕಡಾವಾರು ನೋಡುವುದಿಲ್ಲ. ಲೆಕ್ಕಪತ್ರವನ್ನೇ ನಂಬದ ಹಾಗೆ ಆಯಿತಾ, ಅದನ್ನು ನೋಡುತ್ತೇನೆ. ಸಿಇಓ ಹೋದರೆ ಕಾಯುತ್ತೇನೆ. ಲೆಕ್ಕ ಪರಿಶೀಲಿಸುವ ಆಡಿಟರ್ ಅವಧಿಗೆ ಮೊದಲೇ ಕೈಬಿಟ್ಟು ಹೋದರೆ ಮಾತ್ರ ನಿದ್ದೆ ಬರುವುದಿಲ್ಲ, ನಷ್ಟವಾದರೂ ಹೊರಬರುತ್ತೇನೆ. ಸಣ್ಣ ಕಂಪನಿಯಾದರೆ ಆ ಅವಕಾಶವೂ ಸಿಗದಿರಬಹುದು. ದಿನಾ ಲೋವರ್ ಸರ್ಕ್ಯೂಟ್ (ಒಂದು ದಿನದಲ್ಲಿ ಬೆಲೆ ಬೀಳಬಹುದಾದ ಕೊನೆಯ ಮಿತಿ), ಮಾರೋಣ ಅಂದರೆ ಕೊಳ್ಳುವವರೇ ಇರುವುದಿಲ್ಲ.

ಉತ್ತರ 3: ವಾಟ್ಸ್‌ಆ್ಯಪ್‌ನಲ್ಲಿ ಬಂದದ್ದನ್ನು ಬದಿಗಿಡಿ. ಬೆಲೆ ಅಲುಗಾಡಿಸುವ ಸುದ್ದಿಯನ್ನು ಕಂಪನಿ ಷೇರು ವಿನಿಮಯ ಕೇಂದ್ರಕ್ಕೆ ತಿಳಿಸಲೇಬೇಕು, ಅದು ಷೇರುಪೇಟೆ ನಿಯಂತ್ರಕ ಸೆಬಿಯ ನಿಯಮ. ಎನ್‌ಎಸ್‌ಇ ಅಥವಾ ಬಿಎಸ್‌ಇ ವೆಬ್‌ಸೈಟ್‌ನಲ್ಲಿ ಕಂಪನಿ ಹೆಸರು ಹಾಕಿದರೆ ಕಂಪನಿ ಕೊಟ್ಟ ಆ ಪತ್ರ ಪುಕ್ಕಟೆ ಸಿಗುತ್ತದೆ. ನಮ್ಮ ಅತ್ತಿಗೆ ಒಮ್ಮೆ ಷೇರು ಅರ್ಧಕ್ಕರ್ಧ ಬಿದ್ದಿದೆ ಅಂತ ಗಾಬರಿಯಾಗಿ ಫೋನ್ ಮಾಡಿದ್ದರು. ನೋಡಿದರೆ ಅವತ್ತು 1:1 ಬೋನಸ್‌ನ (ಒಂದು ಷೇರಿಗೆ ಇನ್ನೊಂದು ಉಚಿತ) ಎಕ್ಸ್-ಡೇಟ್, ಅಂದರೆ ಬೋನಸ್ ಲೆಕ್ಕ ಕಳೆದು ಬೆಲೆ ಶುರುವಾಗುವ ದಿನ! ಬೆಲೆ ಅರ್ಧ, ಷೇರು ಎರಡರಷ್ಟು, ಅಷ್ಟೇ. ಇನ್ನೊಂದು, ಮಾರುವುದೇ ಆದರೆ ಬೆಳಿಗ್ಗೆ 9:15ಕ್ಕೆ ಪೇಟೆ ತೆರೆದ ಕೂಡಲೇ ಮಾರ್ಕೆಟ್ ಆರ್ಡರ್ (ಸಿಕ್ಕ ಬೆಲೆಗೆ ಮಾರುವುದು) ಹಾಕಬೇಡಿ. ಆ ಗಲಾಟೆಯಲ್ಲಿ ಯಾವ ಬೆಲೆಗೆ ಹೋಗುತ್ತೋ ಗೊತ್ತಾಗುವುದಿಲ್ಲ. ಲಿಮಿಟ್ ಆರ್ಡರ್ ಹಾಕಿ, ಅಂದರೆ ಇಷ್ಟಕ್ಕಿಂತ ಕಡಿಮೆಗೆ ಬೇಡ ಎಂದು ಬೆಲೆ ನೀವೇ ಹೇಳಿ.

ಅಂದ ಹಾಗೆ, ರಾಜೀನಾಮೆಗೆ ಕಾರಣ ಏನು ಅಂತ ಬರೆದಿದ್ದಾರೆ? ಹಣಕಾಸು ನೋಡಿಕೊಳ್ಳುವ ಸಿಎಫ್ಓ ಇನ್ನೂ ಇದ್ದಾರಲ್ವಾ? ಅದನ್ನು ಹಾಕಿ, ಆಮೇಲೆ ಮಾತಾಡೋಣ.