ಸಹಾಯ ಬೇಕು: ಅರ್ಧ ಪಾಲಿನ ಗೆಳೆಯ ದುಬೈಗೆ ಹೊರಟಿದ್ದಾನೆ, ಷೇರು ಏನು ಮಾಡುವುದು?

ಎಲ್ಲರಿಗೂ ನಮಸ್ಕಾರ. ಬದಿಯಡ್ಕದ ಹತ್ತಿರ ನಾನೂ ಗೆಳೆಯನೂ ತೆಂಗಿನಕಾಯಿ ಚಿಪ್ಸ್ ಮಾಡುತ್ತೇವೆ. ಕಾಸರಗೋಡಿನ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆ ಸಿಪಿಸಿಆರ್‌ಐಯಲ್ಲಿ ಕಲಿತು ಬಂದು, ಅರ್ಧರ್ಧ ಷೇರು ಹಾಕಿ ಪ್ರೈವೇಟ್ ಲಿಮಿಟೆಡ್ ಕಂಪನಿ ಮಾಡಿದೆವು. ಈಗ ಅವನಿಗೆ ದುಬೈ ವೀಸಾ ಬಂದಿದೆ. ಅವನ ಮೇಲೆ ನನಗೆ ಸಿಟ್ಟಿಲ್ಲ, ಮನೆಸಾಲ ತೀರಬೇಕಲ್ಲ.

ಮಂಗಳೂರಿನ ಒಬ್ಬರು 25 ಶೇಕಡಾ ಪಾಲಿಗೆ 20 ಲಕ್ಷ ಹಾಕಲು ಬಂದಿದ್ದಾರೆ. ಮೊನ್ನೆ ಡ್ರೈಯರಿನ ಮುಂದೆ ನಿಂತು, ಬಿಸಿ ಚಿಪ್ಸ್ ಒಂದನ್ನು ಮುರಿದು ಬಾಯಿಗೆ ಹಾಕಿಕೊಂಡು ಕೇಳಿದರು: "ನಾನು ಬಂದ ಮೇಲೂ ಊರಲ್ಲಿಲ್ಲದವರ ಕೈಯಲ್ಲಿ 37.5 ಶೇಕಡಾ ಇರುತ್ತದಲ್ಲ, ದುಡಿಯುವವರು ಯಾರು?" ನನ್ನ ಬಾಯಿ ಕಟ್ಟಿತು. ವೆಸ್ಟಿಂಗ್ ಅಂದರೆ ಸಾಮಾನ್ಯವಾಗಿ ನಾಲ್ಕು ವರ್ಷ ದುಡಿದ ಹಾಗೆ ಷೇರು ಪಕ್ಕಾ ಆಗುವುದು, ಮೊದಲ ವರ್ಷವೇ ಬಿಟ್ಟರೆ ಏನೂ ಸಿಗದಿರುವುದು. ಅಂಥ ಒಂದು ಸಾಲನ್ನೂ ನಾವು ಬರೆದಿಟ್ಟಿಲ್ಲ. ಅವರ ಹಣವನ್ನು ಕನ್ವರ್ಟಿಬಲ್ ನೋಟ್ ಆಗಿ, ಅಂದರೆ ಮುಂದೆ ಷೇರಾಗಿ ಬದಲಾಯಿಸಬಹುದಾದ ಸಾಲವಾಗಿ, ಪಡೆಯಬಹುದೇ ಎಂದು ನೋಡಿದೆ. ಮಾನ್ಯತೆ ಪಡೆದ ಸ್ಟಾರ್ಟ್‌ಅಪ್ ಆಗಿರಬೇಕು, ಒಂದೇ ಕಂತಿನಲ್ಲಿ ಕನಿಷ್ಠ 25 ಲಕ್ಷ ಬೇಕು. ನಮಗೆ ಅದು ಹೊಂದುವುದಿಲ್ಲ.

ಗೆಳೆಯ 10 ಶೇಕಡಾ ಇಟ್ಟುಕೊಂಡು ಉಳಿದದ್ದನ್ನು ಬಿಟ್ಟುಕೊಡಲು ಒಪ್ಪಿದ್ದಾನೆ. ಎಸ್‌ಎಚ್-4 ಫಾರಂನಲ್ಲಿ ಮುಖಬೆಲೆಗೇ ವರ್ಗಾಯಿಸಿದರೆ ನನಗೆ ತೆರಿಗೆ ಬೀಳುತ್ತದೆಯೇ? ಅವನು ವಿಮಾನ ಹತ್ತುವ ಮೊದಲೇ ಸಹಿ ಹಾಕಿಸಬೇಕೇ? ಇಂಥದ್ದನ್ನು ಮಾಡಿದ ಅನುಭವ ಇರುವವರು, ಕನ್ನಡದಲ್ಲೋ ತುಳುವಿನಲ್ಲೋ ಬಿಡಿಸಿ ಹೇಳಬಲ್ಲ ಸಿಎ ಯಾರಾದರೂ ಇದ್ದರೆ ದಯವಿಟ್ಟು ತಿಳಿಸಿ. ಫೀಸು ಕೊಡುತ್ತೇನೆ. ಅವನ ಟಿಕೆಟು ಬರುವ ಶುಕ್ರವಾರಕ್ಕೆ.