ರಿಟೈನಿಂಗ್ ವಾಲ್ ಹಿಂದೆ ಒಡೆದ ಕಾಂಕ್ರೀಟ್ ತುಂಬಬಹುದಾ?

ನಾಲೆ ಕೆಳಗಿನ ಮನೆ, ಮಂಡ್ಯ
ನಾಲೆಗೆ ನೀರು ಬಿಟ್ಟರೆ ಸಾಕು, ನಮ್ಮ ಹಿತ್ತಲಲ್ಲಿ ಜವುಗು ಶುರುವಾಗುತ್ತದೆ. ಅದಕ್ಕೇ ಮೂವತ್ತಡಿ ಉದ್ದ, ಆರಡಿ ಎತ್ತರದ, ಮಣ್ಣು ತಡೆಯುವ ಗೋಡೆ (ರಿಟೈನಿಂಗ್ ವಾಲ್) ಕಟ್ಟಿಸುತ್ತಿದ್ದೇವೆ. ಹಳೇ ಮನೆಯ ಆರ್‌ಸಿಸಿ ಒಡೆಸಿದ್ದು ಎರಡು ಟ್ರ್ಯಾಕ್ಟರ್ ಲೋಡ್ ಬಿದ್ದಿದೆ. ಅದನ್ನೇ ಜೆಲ್ಲಿ ಥರ ಒಡೆದು ಗೋಡೆ ಹಿಂದೆ ತುಂಬೋಣ, ಮಧ್ಯೆ ತೂತಿನ ಪಿವಿಸಿ ಪೈಪ್ ಇಟ್ಟು ಜಿಯೋ ಬಟ್ಟೆ (ನೀರು ಬಿಟ್ಟು ಮಣ್ಣು ತಡೆಯುವ ಬಟ್ಟೆ) ಸುತ್ತೋಣ ಅಂತಾರೆ ಮೇಸ್ತ್ರಿ. ಗೋಡೆಯಿಂದ ಕೆಳಗೆ, ತಗ್ಗಿನಲ್ಲಿ ಬಾವಿ ಇದೆ. ತೊಂದರೆ ಇಲ್ಲ ಅಲ್ವಾ?

ಸೈಟ್ ಇಂಜಿನಿಯರ್, ಮೈಸೂರು
ಅಲ್ಲಿಗೆ ಬೇಡ ಅಣ್ಣ. ಒಡೆದ ಚೂರುಗಳು ಗಟ್ಟಿಯಾಗೇ ಇರುತ್ತವೆ, ನೀರೂ ಇಳಿಯುತ್ತದೆ, ಆದರೆ ಸಿಮೆಂಟಿನೊಳಗೆ ಸುಣ್ಣ ಉಳಿದಿರುತ್ತದೆ, ಒಡೆದಾಗ ಹೊಸ ಮೈ ತೆರೆದುಕೊಂಡು ಅದು ನೀರಲ್ಲಿ ಕರಗಿ ಬರುತ್ತದೆ. ಪೈಪಿನಲ್ಲಿ ಗಾಳಿ ತಾಗಿದರೆ ಬಿಳೀ ಕಲ್ಲಾಗಿ ಕೂರುತ್ತದೆ. ಸುಣ್ಣದ ತಿಳಿಯ ಮೇಲೆ ಕೆನೆ ಕಟ್ಟುತ್ತಲ್ಲ, ಅದೇ ಇದು. ಜೊತೆಗೆ ಒಡೆದ ಪುಡಿ ಜಿಯೋ ಬಟ್ಟೆಗೆ ಮೆತ್ತಿಕೊಳ್ಳುತ್ತದೆ. ನಾನಿದ್ದ ಒಂದು ಸೈಟಿನಲ್ಲಿ ಎರಡು ಮಳೆಗಾಲ ಕಳೆದ ಮೇಲೆ ವೀಪ್ ಹೋಲಿಗೆ (ನೀರು ಹೊರಬರಲು ಗೋಡೆಯಲ್ಲಿ ಬಿಟ್ಟ ತೂತು) ಕಬ್ಬಿಣದ ಕಡ್ಡಿ ತೂರಿಸಿದೆ. ನಾಲ್ಕು ಬೆರಳಷ್ಟೂ ಒಳಗೆ ಹೋಗಲಿಲ್ಲ. ಹಿಂದೆ ನೀರು ನಿಂತು ಗೋಡೆ ಹೊಟ್ಟೆ ಬಿಟ್ಟಿತ್ತು. ಅದನ್ನು ನೋಡಿದ ಮೇಲೆ ಬಟ್ಟೆ, ಪೈಪ್ ಇರುವ ಕಡೆ ನಾನು ಇದನ್ನು ಹಾಕಿಸುವುದೇ ಇಲ್ಲ.

ಕೆಮಿಸ್ಟ್ರಿ ಮೇಡಂ
ಬಾವಿ ಇದೆ ಅಂದ್ರಲ್ಲ, ನನಗೆ ಅದೇ ಚಿಂತೆ. ಹೊಸದಾಗಿ ಒಡೆದ ಕಾಂಕ್ರೀಟಿನಿಂದ ಇಳಿಯುವ ನೀರಿನ ಪಿಎಚ್ (ಆಮ್ಲ, ಕ್ಷಾರದ ಅಳತೆ; 7ಕ್ಕಿಂತ ಮೇಲೆ ಕ್ಷಾರ) 11, 12ರವರೆಗೂ ಹೋಗುತ್ತದೆ, ಕುಡಿಯುವ ನೀರಿಗೆ 6.5ರಿಂದ 8.5 ಇರಬೇಕು. ಒಂದು ಬಕೆಟ್ ಚೂರು ನೆನೆಹಾಕಿ, ಬೆಳಿಗ್ಗೆ ಪಿಎಚ್ ಪೇಪರ್ ಅದ್ದಿ ನೋಡಿ. ಬರಿಗೈ ಹಾಕಬೇಡಿ.

ಗುತ್ತಿಗೆ ಕೆಲಸದವನು
ಸುಮ್ನೆ ಎಸೆಯಬೇಡಿ ಅಣ್ಣ. ಇಟ್ಟಿಗೆ, ಗಾರೆ, ಮರದ ಚೂರು ಬೇರೆ ಮಾಡಿ, ಜರಡಿ ಹಿಡಿದು ತೊಳೆದು, ಬಾವಿಯಿಂದ ದೂರ ಅಂಗಳದ ಬೆಡ್ ಕಾಂಕ್ರೀಟಿಗೆ ಹಾಕಿ. ಎಂ15ಗಿಂತ (ಕಾಂಕ್ರೀಟಿನ ಬಲದ ಒಂದು ದರ್ಜೆ) ಕಡಿಮೆ ದರ್ಜೆಯ, ಸಿಮೆಂಟ್ ಕಡಿಮೆ ಇರುವ ಲೀನ್ ಕಾಂಕ್ರೀಟಿಗೆ ಜೆಲ್ಲಿ ಪೂರ್ತಿ ಇದೇ ಇದ್ದರೂ ಜೆಲ್ಲಿ, ಮರಳಿನ ಭಾರತೀಯ ಮಾನಕ ಐಎಸ್ 383 (2016) ಒಪ್ಪುತ್ತದೆ. ನೀರು ಜಾಸ್ತಿ ಕುಡಿಯುತ್ತದೆ, ಹಿಂದಿನ ದಿನವೇ ನೆನೆಸಿಡಿ.

ನಾಲೆ ಕೆಳಗಿನ ಮನೆ, ಮಂಡ್ಯ
ಬಕೆಟ್ಟಿನಲ್ಲಿ ನೆನೆಹಾಕಿ ನೋಡಿದೆ ಮೇಡಂ. ಬೆಳಿಗ್ಗೆ ನೀರಿನ ಮೇಲೆ ತೆಳ್ಳಗೆ ಬಿಳೀ ಪೊರೆ, ಪೇಪರ್ ಕಡು ನೀಲಿ. ಮೇಸ್ತ್ರಿಯನ್ನೂ ಕರೆದು ತೋರಿಸಿದೆ, ಅವರೂ ಒಪ್ಪಿದರು. ಗೋಡೆ ಹಿಂದೆ ಒಂದಡಿ ಅಗಲಕ್ಕೆ ಕಲ್ಲಿನ ಜೆಲ್ಲಿಯೇ ಹಾಕಿಸುತ್ತೇನೆ, 180 ಸಿಎಫ್‌ಟಿ (ಘನ ಅಡಿ) ಬೇಕಾಗುತ್ತದೆ. 20 ಎಂಎಂ ತರಿಸಲಾ, 40 ತರಿಸಲಾ?

ಸೈಟ್ ಇಂಜಿನಿಯರ್, ಮೈಸೂರು
20 ಸಾಕು ಅಣ್ಣ. ಧೂಳಿಲ್ಲದ್ದು ನೋಡಿ ತರಿಸಿ.